ತಾರೀಖು ಮರೆಯುವ ಕಂಪ್ಯೂಟರ್, ಕನ್ನಡ ಕೆಟ್ಟ ವೆಬ್‌ಸೈಟ್: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ಮನೆಯ ಡೆಸ್ಕ್‌ಟಾಪ್‌ಗೆ ಎಂಟು ವರ್ಷವಾಗಿದೆ. ಗೋಡೆಯ ಸ್ವಿಚ್ ಆರಿಸಿ ಮರುದಿನ ಹಾಕಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಯಾವ ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬರುತ್ತದೆ. ವಿಂಡೋಸ್ ಶುರುವಾಗಲು ಐದಾರು ನಿಮಿಷ ಬೇಕು, ನಡುನಡುವೆ ತಾನಾಗಿಯೇ ಆಫ್ ಆಗುತ್ತದೆ. ಇದರಿಂದಲೇ ನನ್ನ ಸ್ವಂತ ವರ್ಡ್‌ಪ್ರೆಸ್ ಸೈಟ್ ನೋಡಿಕೊಳ್ಳುತ್ತೇನೆ. ಹೋಸ್ಟಿಂಗ್ ಬದಲಿಸಿದ ಮೇಲೆ ಹಳೆಯ ಬರಹಗಳ ಕನ್ನಡ ವಿಚಿತ್ರ ಅಕ್ಷರಗಳಾಗಿ ಕಾಣುತ್ತಿದೆ. ಒಳಪುಟಗಳು ತೆರೆಯುತ್ತಿಲ್ಲ, ಕೆಲವು ಚಿತ್ರಗಳಿಲ್ಲ, ಸಂಪರ್ಕ ಫಾರ್ಮ್‌ನ ಮೇಲ್ ಬರುತ್ತಿಲ್ಲ. ಎರಡನ್ನೂ ಅಳಿಸಿ ಹೊಸದಾಗಿ ಶುರು ಮಾಡುವುದೇ ವಾಸಿಯೆ?

ಉತ್ತರ: ಅಳಿಸಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಆರೇಳು ದೋಷಗಳು ಒಂದೇ ಹೊತ್ತಿಗೆ ಎದುರಾಗಿರುವುದರಿಂದ ಎಲ್ಲವೂ ಕೈಮೀರಿದಂತೆ ಕಾಣುತ್ತಿದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ದಾರಿಯಿದೆ, ಹೆಚ್ಚಿನವಕ್ಕೆ ಖರ್ಚೂ ಇಲ್ಲ. ಆದರೆ ಮೂರು ಕೆಲಸಗಳನ್ನು ಮಾತ್ರ ಈಗ ಮಾಡಬೇಡಿ. ಹಳೆಯ ಹೋಸ್ಟಿಂಗ್ ಖಾತೆಯನ್ನು ರದ್ದುಪಡಿಸಬೇಡಿ. ಕೆಟ್ಟಿರುವ ಬರಹಗಳನ್ನು ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಹಾರ್ಡ್ ಡಿಸ್ಕ್ ಮೇಲೆ ಚೆಕ್‌ಡಿಸ್ಕ್‌ನಂಥ ರಿಪೇರಿ ಓಡಿಸಬೇಡಿ. ಇವತ್ತು ಸರಿಪಡಿಸಬಹುದಾದ ದೋಷ ಶಾಶ್ವತ ನಷ್ಟವಾಗುವುದು ಸಾಮಾನ್ಯವಾಗಿ ಈ ಮೂರರಿಂದಲೇ. ಕಾರಣವನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ತಾರೀಖು ಮತ್ತು ‘ಸುರಕ್ಷಿತವಲ್ಲ’ ಎಚ್ಚರಿಕೆ

ಇವೆರಡೂ ಒಂದೇ ದೋಷ. ಸೈಟ್ ಅಸಲಿಯೆಂದು ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರ ಪ್ರತಿ ಸೈಟ್‌ಗೂ ಇರುತ್ತದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ ಎಂದು ಬರೆದಿರುತ್ತದೆ. ಬ್ರೌಸರ್ ಅದನ್ನು ಹೋಲಿಸಿ ನೋಡುವುದು ನಿಮ್ಮ ಕಂಪ್ಯೂಟರಿನ ಗಡಿಯಾರದ ಜೊತೆ. ಗಡಿಯಾರ ಐದಾರು ವರ್ಷ ಹಿಂದಿದ್ದರೆ ಇವತ್ತಿನ ಎಲ್ಲ ಪ್ರಮಾಣಪತ್ರಗಳೂ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದೇ ಅದಕ್ಕೆ ಕಾಣುತ್ತವೆ. ಖಾತ್ರಿ ಮಾಡಿಕೊಳ್ಳಲು ಅದೇ ಸೈಟನ್ನು ಫೋನಿನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿದ್ದರೆ ಸೈಟ್‌ನಲ್ಲಿ ತಪ್ಪಿಲ್ಲ. ಎಚ್ಚರಿಕೆಯನ್ನು ದಾಟಿ ‘ಆದರೂ ಮುಂದುವರಿಸಿ’ ಒತ್ತುವ ಅಭ್ಯಾಸ ಮಾತ್ರ ಬೇಡ. ನಿಜವಾಗಿ ಅಪಾಯವಿದ್ದ ದಿನವೂ ಕೈ ಅಲ್ಲಿಗೇ ಹೋಗುತ್ತದೆ.

ಗಡಿಯಾರ ನಿಲ್ಲಲು ಕಾರಣ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್. ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲು ಸಿಆರ್2032 ಇರುತ್ತದೆ: 3 ವೋಲ್ಟ್, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತು ಪವರ್ ಸಪ್ಲೈಯೇ ಗಡಿಯಾರವನ್ನು ನಡೆಸುತ್ತದೆ. ಆದ್ದರಿಂದ ಸೆಲ್ ಸತ್ತಿರುವುದು ಸ್ವಿಚ್ ಆರಿಸಿದ ಮೇಲಷ್ಟೇ ಗೊತ್ತಾಗುತ್ತದೆ, ನಿಮ್ಮ ವಿಷಯದಲ್ಲಿ ಆಗಿರುವುದೂ ಅದೇ. ಮಲ್ಟಿಮೀಟರ್ ಇದ್ದರೆ ಅಳೆಯಿರಿ. 2.8 ವೋಲ್ಟ್‌ಗಿಂತ ಕೆಳಗಿದ್ದರೆ ಬದಲಿಸಿ.

ಸೆಲ್ ಬದಲಿಸುವುದು ಎರಡು ನಿಮಿಷದ ಕೆಲಸ. ಆದರೆ ಅದಕ್ಕೆ ಮೊದಲು ಮಾಡಬೇಕಾದದ್ದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಸೆಲ್ ತೆಗೆದಾಗ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಸೆಟ್ಟಿಂಗ್‌ಗಳು ಮೂಲಸ್ಥಿತಿಗೆ ಹೋಗಬಹುದು, ಸೆಲ್ ಪೂರ್ತಿ ಸತ್ತಿದ್ದರೆ ಈಗಾಗಲೇ ಹೋಗಿರಲೂಬಹುದು. ಬಯಾಸ್‌ನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಮುಖ್ಯವಾಗಿ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡುವ ಕ್ರಮ) ಎಹೆಚ್‌ಸಿಐ ಆಗಿದೆಯೋ ರೇಡ್ ಆಗಿದೆಯೋ ಗುರುತಿಸಿಕೊಳ್ಳಿ. ಅದು ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಡಿಸ್ಕ್ ಹಾಳಾಯಿತೆಂದು ಜನ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಮೋಡ್ ಮೊದಲಿನಂತೆ ಮಾಡಿದರೆ ಸಾಕು, ಎಲ್ಲವೂ ಹಾಗೆಯೇ ಇರುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಕ್ಯಾಬಿನೆಟ್ ತೆರೆಯಿರಿ.

ಆಮೇಲೆ ವಿದ್ಯುತ್ ವೈರ್ ಕಳಚಿ, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಹೋಗಲು ಬಿಡಿ. ಸೆಲ್ ಪಕ್ಕದ ಕ್ಲಿಪ್ ಒತ್ತಿದರೆ ಸೆಲ್ ತಾನೇ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಬಯಾಸ್‌ನಲ್ಲಿ ತಾರೀಖು, ಸಮಯ ಹಾಕಿ, ಫೋಟೋ ನೋಡಿ ಸೆಟ್ಟಿಂಗ್‌ಗಳನ್ನು ಸರಿಮಾಡಿ. ಇಷ್ಟಾದ ಮೇಲೂ ಗಡಿಯಾರ ಕೆಲವೇ ಗಂಟೆ ಹಿಂದೆಮುಂದೆ ಆಗುತ್ತಿದ್ದರೆ ಅದು ಸೆಲ್‌ನ ತಪ್ಪಲ್ಲ. ಟೈಮ್ ಝೋನ್ ನೋಡಿ, ಅಥವಾ ಅದೇ ಯಂತ್ರದಲ್ಲಿ ಲಿನಕ್ಸ್ (ವಿಂಡೋಸ್‌ನಂಥ ಇನ್ನೊಂದು ಕಾರ್ಯವ್ಯವಸ್ಥೆ) ಕೂಡ ಇದೆಯೇ ಎಂದು ನೋಡಿ. ವಿಂಡೋಸ್ ಬೋರ್ಡ್ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ.

ನಿಧಾನ ಮತ್ತು ತಾನಾಗಿ ಆಫ್ ಆಗುವುದು

ಐದಾರು ನಿಮಿಷದ ಬೂಟ್ ಎಂದರೆ ನಿಮ್ಮಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕ್ ಎಂದುಕೊಳ್ಳುತ್ತೇನೆ. ಅದು ಬರೀ ಹಳೆಯದೋ, ಸಾಯುತ್ತಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿ, ಡಿಸ್ಕ್ ತನ್ನ ಆರೋಗ್ಯವನ್ನು ದಾಖಲಿಸುವ ಸ್ಮಾರ್ಟ್ ಪಟ್ಟಿ ತೆರೆಯಿರಿ. ಅದು ಸಾಲುಗಳ ಸಂಖ್ಯೆಯನ್ನೂ ರಾ ಮೌಲ್ಯವನ್ನೂ (ನಿಜವಾದ ಎಣಿಕೆ) ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ತೋರಿಸುತ್ತದೆ. ರಾ ಮೌಲ್ಯವನ್ನು ಮೆನುವಿನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಬಹುದು. ನೋಡಬೇಕಾದದ್ದು ನಾಲ್ಕೇ ಸಾಲು. 5 (ಪಟ್ಟಿಯಲ್ಲಿ 05) ಎಂದರೆ ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಚಿಕ್ಕ ಚಿಕ್ಕ ತುಣುಕುಗಳು. 197 (ಪಟ್ಟಿಯಲ್ಲಿ ಸಿ5) ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 198 (ಸಿ6) ಎಂದರೆ ಸರಿಪಡಿಸಲಾಗದವು. ಈ ಮೂರರ ರಾ ಮೌಲ್ಯ ಸೊನ್ನೆ ಇರಬೇಕು. 199 (ಸಿ7) ಏರುತ್ತಿದ್ದರೆ ದೋಷ ಹೆಚ್ಚಾಗಿ ಡಿಸ್ಕ್‌ನದಲ್ಲ, ಸಾಟಾ ಕೇಬಲ್‌ನದು. ಕೇಬಲ್ ಬದಲಿಸಿ. ಹಳೆಯ ಎಣಿಕೆ ಇಳಿಯುವುದಿಲ್ಲ, ಮತ್ತೆ ಏರದಿದ್ದರೆ ಸರಿಹೋದಂತೆ. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಇದ್ದರೆ ಗಾಬರಿಯಾಗಬೇಡಿ, ಅದು ಅವುಗಳ ಲೆಕ್ಕದ ಕ್ರಮ.

197ರಲ್ಲಿ ಒಂದೇ ಒಂದು ಇದ್ದರೂ ಮೊದಲ ಕೆಲಸ ನಕಲು. ಹೊರಗಿನ ಡಿಸ್ಕ್‌ಗೆ ಮುಖ್ಯ ಫೋಲ್ಡರ್‌ಗಳನ್ನು ಮೊದಲು, ಉಳಿದದ್ದನ್ನು ಆಮೇಲೆ ಎತ್ತಿಕೊಳ್ಳಿ. ಚೆಕ್‌ಡಿಸ್ಕ್ ಬೇಡ ಎಂದದ್ದು ಇದಕ್ಕೇ. ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ, ಫೈಲ್‌ಸಿಸ್ಟಮ್ ಸರಿಮಾಡುವ ಭರದಲ್ಲಿ ಓದಲಾಗದ ಫೈಲುಗಳನ್ನು ತುಂಡು ಮಾಡಿ ಬಿಸಾಡುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಉಳಿದಿರುವ ಓದುಗಳನ್ನು ನಕಲಿಗೇ ಮೀಸಲಿಡಿ.

ಆಮೇಲೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಚಿಪ್ ಡಿಸ್ಕ್) ಹಾಕಿ. ಹಳೆಯ ಯಂತ್ರಕ್ಕೆ ಮಾಡುವ ಯಾವ ಖರ್ಚೂ ಇಷ್ಟು ಫಲ ಕೊಡುವುದಿಲ್ಲ. ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕ್ ಅಲ್ಲಲ್ಲಿ ಚದುರಿದ ಚಿಕ್ಕ ಓದುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಮಾಡಬಲ್ಲದು, ಸಾಧಾರಣ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ. ವಿಂಡೋಸ್ ಶುರುವಾಗುವುದೆಂದರೆ ಇಂಥ ಚಿಕ್ಕ ಓದುಗಳ ರಾಶಿಯೇ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೊಂಡರೆ ಹೊಂದಾಣಿಕೆಯ ಚಿಂತೆಯಿಲ್ಲ. ಎಂ.2 (ಬೋರ್ಡಿಗೇ ಸಿಕ್ಕಿಸುವ ಪುಟ್ಟ ಎಸ್‌ಎಸ್‌ಡಿ) ಕೊಳ್ಳುವುದಾದರೆ ಬೋರ್ಡಿನ ಕೈಪಿಡಿ ನೋಡಿ: ಕೆಲವು ಸ್ಲಾಟ್ ಸಾಟಾ ಮಾತ್ರ, ಕೆಲವು ಎನ್‌ವಿಎಂಇ (ಸಾಟಾ ಅಲ್ಲದ ಇನ್ನೊಂದು ಕ್ರಮ) ಮಾತ್ರ ಒಪ್ಪುತ್ತವೆ. ಎರಡೂ ಒಂದೇ ಜಾಗದಲ್ಲಿ ಕೂರುವುದರಿಂದ ಕೂತಿತೆಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎನ್ನುವಂತಿಲ್ಲ.

ತಾನಾಗಿ ಆಫ್ ಆಗುವುದಕ್ಕೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಎಂಬ ದಾಖಲೆ ಸಿಗುತ್ತದೆ. ಅದು ಕಾರಣವನ್ನು ಹೇಳುವುದಿಲ್ಲ, ಕ್ರಮವಾಗಿ ಆಫ್ ಆಗಲಿಲ್ಲ ಎಂದಷ್ಟೇ ಹೇಳುತ್ತದೆ. ಅದರ ಮೇಲೆ ಸಮಯ ಕಳೆಯಬೇಡಿ. ಹೆಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ ತೆರೆದಿಟ್ಟು ಪ್ರೊಸೆಸರ್ ಉಷ್ಣತೆ ನೋಡುತ್ತ ಭಾರದ ಕೆಲಸ ಕೊಡಿ. 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಆಫ್ ಆದರೆ ತಂಪು ಮಾಡುವ ವ್ಯವಸ್ಥೆ ಸೋತಿದೆ. ಪ್ರೊಸೆಸರ್ ಮೇಲೆ ಕೂರುವ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳ ನಡುವೆ ದೂಳು ಮೆತ್ತಿರುತ್ತದೆ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಗಾಳಿ ಊದಿ. ವ್ಯಾಕ್ಯೂಮ್ ಕ್ಲೀನರ್ ಮೂತಿಯನ್ನು ಬೋರ್ಡ್ ಹತ್ತಿರ ತರಬೇಡಿ, ಅದು ಸ್ಥಿರವಿದ್ಯುತ್ ಹುಟ್ಟಿಸುತ್ತದೆ. ಪ್ರೊಸೆಸರ್ ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಎಂಟು ವರ್ಷದ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು. 90 ಶೇಕಡಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೆಯದನ್ನು ಒರೆಸಿ, ಪ್ರೊಸೆಸರ್‌ನ ಮಧ್ಯದಲ್ಲಿ ಬಟಾಣಿಯಷ್ಟು ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕ್ ಒತ್ತಿ. ಇಂಟೆಲ್‌ನ ಒತ್ತುಪಿನ್ನಿನ ಕೂಲರ್ ಆಗಿದ್ದರೆ ನಾಲ್ಕೂ ಪಿನ್ ಬೋರ್ಡಿನ ಹಿಂಬದಿಗೆ ಪೂರ್ತಿ ಹೊರಬಂದಿವೆಯೇ ಎಂದು ನೋಡಿ. ಒಂದು ಅರ್ಧ ಕೂತರೂ ಎಲ್ಲ ಶ್ರಮ ವ್ಯರ್ಥ.

ಉಷ್ಣತೆ 60–70ರಲ್ಲೇ ಇದ್ದು ದಿಢೀರನೆ ಆರಿದರೆ ಅನುಮಾನ ಪವರ್ ಸಪ್ಲೈ ಮೇಲೆ. ಅದನ್ನು ಬದಲಿಸಿ ನೋಡಿ, ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳು ವೈರ್ ಕಿತ್ತ ಮೇಲೂ ಅಪಾಯಕಾರಿ ವೋಲ್ಟೇಜ್ ಹಿಡಿದಿಟ್ಟಿರಬಹುದು. ಆಫ್ ಆಗುವುದರ ಬದಲು ನೀಲಿ ಪರದೆ ಬರುತ್ತಿದ್ದರೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ರ್‍ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ.

ಇನ್ನೊಂದು ವಿಚಾರ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ 8ನೇ ತಲೆಮಾರಿನ ಇಂಟೆಲ್ ಕೋರ್, ರೈಜನ್ 2000 ಸರಣಿ ಮತ್ತು ಅವುಗಳ ನಂತರದವನ್ನು. ಎಂಟು ವರ್ಷದ ಯಂತ್ರ ಸರಿಯಾಗಿ ಆ ಗೆರೆಯ ಮೇಲಿದೆ. ‘ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಚಿಪ್) ಇಲ್ಲ’ ಎಂದು ತೋರಿಸಿದರೆ ನಂಬುವ ಮೊದಲು ಬಯಾಸ್‌ನಲ್ಲಿ ಪಿಟಿಟಿ ಅಥವಾ ಎಫ್‌ಟಿಪಿಎಂ ಎಂಬ ಆಯ್ಕೆ ಆನ್ ಇದೆಯೇ ನೋಡಿ. ಸೆಲ್ ಬದಲಿಸಿದಾಗ ಅದೂ ಆಫ್ ಆಗಿರಬಹುದು. ಒಪ್ಪದ ಪ್ರೊಸೆಸರ್ ಆಗಿದ್ದರೆ, ಬರಹ ಮತ್ತು ವೆಬ್‌ಸೈಟ್ ಕೆಲಸಕ್ಕೆ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು.

ಸೈಟ್‌ನ ಕನ್ನಡ

ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಬೆಲೆಬಾಳುವುದು ಇದು. ಡಿಸ್ಕ್, ಸೆಲ್ ಮತ್ತೆ ಕೊಳ್ಳಬಹುದು, ವರ್ಷಗಟ್ಟಲೆ ಬರೆದದ್ದನ್ನು ಕೊಳ್ಳಲಾಗದು.

ಮೊದಲು ಕೆಟ್ಟ ಅಕ್ಷರಗಳನ್ನು ಸರಿಯಾಗಿ ನೋಡಿ. ಪ್ರತಿ ಅಕ್ಷರದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಬರಹಗಳನ್ನು ಇಟ್ಟಿರುವ ಹೊಸ ಸರ್ವರ್‌ನ ಡೇಟಾಬೇಸ್‌ನಲ್ಲಿ ಪಠ್ಯ ಹೋಗಿದೆ. ಕನ್ನಡ ಹಿಡಿಸದ ಕ್ಯಾರೆಕ್ಟರ್ ಸೆಟ್‌ಗೆ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಬದಲಿಸಿದಾಗ ಡೇಟಾಬೇಸ್ ಪ್ರತಿ ಅಕ್ಷರವನ್ನೂ ಎಸೆದು ಪ್ರಶ್ನೆಚಿಹ್ನೆ ಇಟ್ಟಿರುತ್ತದೆ, ಅಲ್ಲಿಂದ ಮರಳಿ ಪಡೆಯುವ ದಾರಿಯಿಲ್ಲ. ಹಳೆಯ ಸರ್ವರ್‌ನಿಂದಲೇ ಮತ್ತೆ ತರಬೇಕು. ಖಾತೆ ರದ್ದು ಬೇಡ ಎಂದದ್ದು ಇದಕ್ಕೆ. ಚೌಕಗಳು ಕಂಡರೆ ಪಠ್ಯ ಕ್ಷೇಮ, ಫಾಂಟ್ ಮಾತ್ರ ಇಲ್ಲ.

ನಿಮಗೆ ಕಾಣುತ್ತಿರುವುದು ಮೂರನೆಯ ಬಗೆ ಇರಬೇಕು: ತಲೆಯ ಮೇಲೆ ಗೀಟಿರುವ ಲ್ಯಾಟಿನ್ ‘ಎ’, ಅದರ ಪಕ್ಕ ಮೇಲೆ ಬರೆದ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು ಚಿಹ್ನೆ, ಇದೇ ಮತ್ತೆ ಮತ್ತೆ. ಇದು ಒಳ್ಳೆಯ ಸುದ್ದಿ. ಎಲ್ಲ ಭಾಷೆಗಳನ್ನೂ ಹಿಡಿಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತ (ಅಕ್ಷರ ಅಥವಾ ಕಾಗುಣಿತದ ಗುರುತು) ಮೂರು ಬೈಟ್ ಹಿಡಿಯುತ್ತದೆ. ಮೊದಲನೆಯದು ಯಾವಾಗಲೂ ಒಂದೇ. ಎರಡನೆಯದಕ್ಕೆ ಎರಡೇ ಸಾಧ್ಯತೆ. ಆ ಬೈಟ್‌ಗಳನ್ನು ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆಯ ಕ್ರಮ) ಎಂದು ತಪ್ಪಾಗಿ ಓದಿದಾಗ ಮೊದಲನೆಯದು ಗೀಟಿನ ಎ ಆಗಿ, ಎರಡನೆಯದು ಪುಟ್ಟ 2 ಅಥವಾ 3 ಆಗಿ ಕಾಣುತ್ತದೆ. ಅಂದರೆ ಬೈಟ್‌ಗಳು ಉಳಿದಿವೆ, ಓದುವ ಕ್ರಮ ತಪ್ಪಿದೆ.

ತಪ್ಪು ಎಲ್ಲಿ ನಡೆಯಿತೆಂದು ಹುಡುಕಲು ಹಳೆಯ ಸರ್ವರ್‌ನಿಂದ ಡೇಟಾಬೇಸ್‌ನ ಹೊಸ ಎಕ್ಸ್‌ಪೋರ್ಟ್ ತೆಗೆದು, ನೋಟ್‌ಪ್ಯಾಡ್++ ನಂಥ ಎಡಿಟರ್‌ನಲ್ಲಿ ಯುಟಿಎಫ್-8 ಎಂದು ತೆರೆಯಿರಿ. ಅಲ್ಲಿ ಕನ್ನಡ ಸರಿಯಾಗಿ ಓದಲು ಬಂದರೆ ಎಕ್ಸ್‌ಪೋರ್ಟ್ ಸರಿಯಿದೆ, ಹೊಸ ಸರ್ವರ್‌ಗೆ ಇಂಪೋರ್ಟ್ ಮಾಡುವಾಗ ಕೆಟ್ಟಿದೆ. ಹೊಸ ಖಾಲಿ ಡೇಟಾಬೇಸನ್ನು ಯುಟಿಎಫ್8ಎಂಬಿ4 ಎಂದು ಮಾಡಿ, ಡೇಟಾಬೇಸ್ ನೋಡಿಕೊಳ್ಳುವ ಪಿಹೆಚ್‌ಪಿಮೈಅಡ್ಮಿನ್‌ನ ಇಂಪೋರ್ಟ್ ಪುಟದಲ್ಲಿ ಫೈಲಿನ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಎಂದು ಆರಿಸಿ ಮತ್ತೆ ತನ್ನಿ. ಡೇಟಾಬೇಸ್ ಮಾಡುವಾಗ ಮಾತ್ರ ಬರೀ ‘ಯುಟಿಎಫ್8’ ಆರಿಸಬೇಡಿ. ವರ್ಡ್‌ಪ್ರೆಸ್ ಬಳಸುವ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಆ ಹೆಸರಿನದು ಮೂರು ಬೈಟ್‌ಗೆ ನಿಲ್ಲುತ್ತದೆ. ಕನ್ನಡ ಹಿಡಿಸುತ್ತದೆ, ಆದರೆ ನಾಲ್ಕು ಬೈಟಿನ ಇಮೋಜಿ ಬಂದಾಗ ಪಠ್ಯ ಅಲ್ಲಿಗೇ ತುಂಡಾಗಬಹುದು.

ಎಕ್ಸ್‌ಪೋರ್ಟ್ ಫೈಲಿನಲ್ಲೇ ಗೀಟಿನ ಎ ಕಂಡರೆ, ಹಳೆಯ ಸರ್ವರ್‌ನ ಟೇಬಲ್‌ಗಳಿಗೆ ಲ್ಯಾಟಿನ್1 ಎಂಬ ಹಣೆಪಟ್ಟಿ ಇದ್ದು, ಒಳಗೆ ಯುಟಿಎಫ್-8 ಬೈಟ್‌ಗಳು ಕೂತಿವೆ. ಮೈಎಸ್‌ಕ್ಯೂಎಲ್ 8.0ಕ್ಕೆ ಮುಂಚೆ ಸರ್ವರ್‌ನ ಡೀಫಾಲ್ಟ್ ಲ್ಯಾಟಿನ್1 ಆಗಿದ್ದರಿಂದ ಹಳೆಯ ಸೈಟ್‌ಗಳಲ್ಲಿ ಇದು ಸಾಮಾನ್ಯ. ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ಆಗುತ್ತಿದ್ದರಿಂದ ಅಲ್ಲಿ ಕನ್ನಡ ಸರಿಯಾಗಿ ಕಾಣುತ್ತಿತ್ತು. ಹಳೆಯ ಡಬ್ಲ್ಯೂಪಿ-ಕಾನ್ಫಿಗ್ (ವರ್ಡ್‌ಪ್ರೆಸ್‌ನ ಮೂಲ ಸೆಟ್ಟಿಂಗ್) ಫೈಲಿನಲ್ಲಿ ಡಿಬಿ ಕ್ಯಾರ್‌ಸೆಟ್ ಎಂಬ ಸಾಲೇ ಇಲ್ಲದಿದ್ದರೆ ಅಥವಾ ಅಲ್ಲಿ ಲ್ಯಾಟಿನ್1 ಎಂದಿದ್ದರೆ ಇದೇ ಕಾರಣವೆಂದು ತಿಳಿಯಿರಿ. ಪರಿಹಾರ ಹೀಗೆ: ಡೇಟಾಬೇಸನ್ನು ಫೈಲಿಗೆ ಇಳಿಸುವ ಮೈಎಸ್‌ಕ್ಯೂಎಲ್‌ಡಂಪ್ ಆದೇಶ ಓಡಿಸುವಾಗ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಎಂದು ಕೊಟ್ಟು, ಕ್ಯಾರೆಕ್ಟರ್ ಸೆಟ್ ಹೇಳುವ ಸಾಲನ್ನು ಫೈಲಿಗೆ ಸೇರಿಸಬೇಡ ಎಂಬ ಆಯ್ಕೆಯನ್ನೂ ಹಾಕಿ. ಆಗ ಬೈಟ್‌ಗಳು ಇದ್ದಂತೆಯೇ ಹೊರಬರುತ್ತವೆ, ಫೈಲಿನಲ್ಲಿ ಕನ್ನಡ ಚೆನ್ನಾಗಿ ಓದಲು ಸಿಗುತ್ತದೆ. ಟೇಬಲ್ ರಚನೆಯ ಸಾಲುಗಳಲ್ಲಿ ಮಾತ್ರ ಲ್ಯಾಟಿನ್1 ಇದ್ದಕಡೆ ಯುಟಿಎಫ್8ಎಂಬಿ4 ಎಂದು ಬದಲಿಸಿ, ಬಿಒಎಂ (ಫೈಲಿನ ಮೊದಲಿಗೆ ಸೇರುವ ಅಡಗಿದ ಗುರುತು) ಇಲ್ಲದ ಯುಟಿಎಫ್-8 ಆಗಿ ಸೇವ್ ಮಾಡಿ ಇಂಪೋರ್ಟ್ ಮಾಡಿ.

ಹೊಸ ಸೈಟ್‌ನಲ್ಲಿ ಈಗಾಗಲೇ ಹೊಸ ಬರಹಗಳನ್ನು ಹಾಕಿದ್ದರೆ ಎಚ್ಚರ. ಅವು ಸರಿಯಾಗಿಯೇ ಕೂತಿವೆ. ಎಲ್ಲ ಸಾಲುಗಳನ್ನೂ ಒಟ್ಟಿಗೆ ಪರಿವರ್ತಿಸುವ ಆದೇಶ ಕೊಟ್ಟರೆ ಹಳೆಯವು ಸರಿಹೋಗಿ ಇವು ಪ್ರಶ್ನೆಚಿಹ್ನೆಯಾಗುತ್ತವೆ. ಎಡಿಟರ್‌ನಲ್ಲಿ ತಿದ್ದಿ ಸೇವ್ ಮಾಡಬೇಡಿ ಎಂದದ್ದೂ ಇದಕ್ಕೆ: ಒಂದೇ ಬರಹದಲ್ಲಿ ಅರ್ಧ ಕೆಟ್ಟದ್ದು, ಅರ್ಧ ಸರಿಯಾದದ್ದು ಸೇರಿದರೆ ಅದನ್ನು ಯಾವ ಆದೇಶವೂ ಬಿಡಿಸಲಾರದು. ಹೊಸ ಬರಹಗಳನ್ನು ಬೇರೆ ಫೈಲಿಗೆ ನಕಲು ಮಾಡಿಟ್ಟು, ಹಳೆಯದನ್ನು ಪೂರ್ತಿ ತಂದು, ಆಮೇಲೆ ಇವನ್ನು ಮತ್ತೆ ಹಾಕುವುದೇ ನೆಮ್ಮದಿಯ ದಾರಿ.

ಒಳಪುಟ, ಚಿತ್ರ, ಪ್ರಮಾಣಪತ್ರ

ಮುಖಪುಟ ತೆರೆದು ಒಳಪುಟ ‘404’ (ಪುಟ ಸಿಗಲಿಲ್ಲ) ಎಂದರೆ, ಹೆಚ್ಚಾಗಿ ಸರ್ವರ್‌ಗೆ ವಿಳಾಸದ ನಿಯಮ ಹೇಳುವ, ಹೆಸರಿನ ಮೊದಲಿಗೆ ಚುಕ್ಕೆ ಇರುವ ಹೆಚ್‌ಟಿಆಕ್ಸೆಸ್ ಫೈಲ್ ನಕಲಾಗಿಲ್ಲ. ಅದು ಅಡಗಿರುವ ಫೈಲ್ ಆದ್ದರಿಂದ ಎಫ್‌ಟಿಪಿಯಲ್ಲಿ (ಸರ್ವರ್‌ನಿಂದ ಫೈಲ್ ಸಾಗಿಸುವ ವಿಧಾನ) ಕಣ್ಣಿಗೆ ಬಿದ್ದಿರುವುದಿಲ್ಲ. ವರ್ಡ್‌ಪ್ರೆಸ್ ಸೆಟ್ಟಿಂಗ್‌ನಲ್ಲಿ ಪರ್ಮಾಲಿಂಕ್ (ಬರಹಗಳ ವಿಳಾಸ) ಪುಟ ತೆರೆದು ಏನೂ ಬದಲಿಸದೆ ಸೇವ್ ಒತ್ತಿ, ಹೊಸದಾಗಿ ಬರೆದುಕೊಳ್ಳುತ್ತದೆ. ಹೊಸ ಸರ್ವರ್‌ನ ತಂತ್ರಾಂಶ ಎನ್‌ಜಿನ್‌ಎಕ್ಸ್ ಆಗಿದ್ದರೆ ಆ ಫೈಲನ್ನು ಅದು ಓದುವುದೇ ಇಲ್ಲ. ಹೋಸ್ಟಿಂಗ್‌ನವರಿಂದ ಸರ್ವರ್ ನಿಯಮ ಹಾಕಿಸಬೇಕು. ಕನ್ನಡ ಶೀರ್ಷಿಕೆಯಿಂದಲೇ ವಿಳಾಸ ಮಾಡಿದ್ದರೆ ಇನ್ನೊಂದು ತೊಡಕಿದೆ: ವಿಳಾಸದಲ್ಲಿ ಪ್ರತಿ ಕನ್ನಡ ಸಂಕೇತ ಒಂಬತ್ತು ಅಕ್ಷರ ನುಂಗುತ್ತದೆ, ವರ್ಡ್‌ಪ್ರೆಸ್ ಒಟ್ಟು 200ಕ್ಕೆ ಕತ್ತರಿಸುತ್ತದೆ, ಅಂದರೆ ಇಪ್ಪತ್ತೆರಡು ಸಂಕೇತಕ್ಕೆ ವಿಳಾಸ ಮುಗಿಯಿತು. ಮುಂದಿನ ಬರಹಗಳಿಗೆ ವಿಳಾಸವನ್ನು ಚಿಕ್ಕದಾಗಿ ಲ್ಯಾಟಿನ್ ಲಿಪಿಯಲ್ಲಿ ನೀವೇ ಬರೆಯಿರಿ. ಹಳೆಯವನ್ನು ಮುಟ್ಟಬೇಡಿ, ಅವುಗಳ ಕೊಂಡಿಗಳು ಹೊರಗೆ ಹರಡಿವೆ.

ಕೆಲವೇ ಚಿತ್ರಗಳು ಕಾಣದಿದ್ದರೆ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ನೋಡಿ. ವಿಂಡೋಸ್‌ಗೆ ದೊಡ್ಡಕ್ಷರದ ಜೆಪಿಜಿಯೂ ಸಣ್ಣಕ್ಷರದ ಜೆಪಿಜಿಯೂ ಒಂದೇ, ಲಿನಕ್ಸ್ ಸರ್ವರ್‌ಗೆ ಎರಡು ಬೇರೆ ಫೈಲ್. ಹೆಸರು ಸರಿಯಿದ್ದರೆ ಚಿತ್ರದ ವಿಳಾಸ ಇನ್ನೂ ಹಳೆಯ ಹೆಚ್‌ಟಿಟಿಪಿಯಲ್ಲೋ ಹಳೆಯ ಹೆಸರಲ್ಲೋ ಇರಬಹುದು. ಇದನ್ನು ಡೇಟಾಬೇಸ್‌ನಲ್ಲಿ ನೇರವಾಗಿ ಹುಡುಕಿ-ಬದಲಿಸಿ ಮಾಡಬೇಡಿ. ವರ್ಡ್‌ಪ್ರೆಸ್ ಎಷ್ಟೋ ಸೆಟ್ಟಿಂಗ್‌ಗಳನ್ನು ಪಠ್ಯದ ಉದ್ದದ ಸಮೇತ ಬರೆದಿಡುತ್ತದೆ. ಪಠ್ಯ ಬದಲಾಗಿ ಉದ್ದದ ಅಂಕಿ ಹಾಗೇ ಉಳಿದರೆ ವಿಜೆಟ್‌ಗಳೂ ಥೀಮ್ ಸೆಟ್ಟಿಂಗ್‌ಗಳೂ ಮಾಯವಾಗುತ್ತವೆ. ವರ್ಡ್‌ಪ್ರೆಸ್‌ಗೆ ಆದೇಶ ಬರೆದು ಕೊಡುವ ಸಾಧನವಾದ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಆ ಅಂಕಿಯನ್ನೂ ತಿದ್ದುತ್ತದೆ.

ಹೊಸ ಹೋಸ್ಟಿಂಗ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಪ್ರಮಾಣಪತ್ರ ನವೀಕರಣಗೊಳ್ಳದಿದ್ದರೆ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರು ಯಾವ ಸರ್ವರ್‌ಗೆ ಎಂದು ಹೇಳುವ ಪಟ್ಟಿ) ‘ಎಎಎಎ’ ಎಂದಿರುವ ಐಪಿವಿ6 (ಹೊಸ ಬಗೆಯ ಸರ್ವರ್ ವಿಳಾಸ) ದಾಖಲೆ ಇನ್ನೂ ಹಳೆಯ ಸರ್ವರ್ ಕಡೆ ತೋರಿಸುತ್ತಿದೆಯೇ ನೋಡಿ. ಲೆಟ್ಸ್ ಎನ್‌ಕ್ರಿಪ್ಟ್‌ನ ಪರಿಶೀಲನೆ ಮೊದಲು ಐಪಿವಿ6ಗೇ ಹೋಗುತ್ತದೆ, ನಿಮ್ಮ ಬ್ರೌಸರ್ ಹಳೆಯ ಬಗೆಯ ಐಪಿವಿ4ನಲ್ಲಿ ಹೋಗಿ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆ ಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಆದ್ದರಿಂದ ಮುಗಿಯುವ ದಿನವನ್ನು ನೀವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಫಾರ್ಮ್‌ನ ಮೇಲ್

ನಿಮ್ಮ ಮೇಲ್‌ಬಾಕ್ಸ್ ನಿಮ್ಮದೇ ಡೊಮೇನ್ ಹೆಸರಿನಲ್ಲಿದ್ದು, ಹೋಸ್ಟಿಂಗ್ ಹೊರತಾದ ಬೇರೆ ಸೇವೆಯಲ್ಲಿದ್ದರೆ ಮೊದಲ ಅನುಮಾನ ಮೇಲ್ ರೂಟಿಂಗ್. ಈ ಡೊಮೇನ್‌ನ ಮೇಲ್ ತನ್ನಲ್ಲೇ ಇದೆ ಎಂದು ಹೊಸ ಸರ್ವರ್ ನಂಬಿದರೆ, ಫಾರ್ಮ್‌ನಿಂದ ಹೊರಟ ಮೇಲನ್ನು ಹೊರಗೆ ಕಳಿಸದೆ ತನ್ನೊಳಗಿನ, ನೀವು ಎಂದೂ ತೆರೆಯದ ಪೆಟ್ಟಿಗೆಗೆ ಹಾಕುತ್ತದೆ. ಸ್ಪ್ಯಾಮ್‌ನಲ್ಲೂ ಸಿಗುವುದಿಲ್ಲ, ವಾಪಸೂ ಬರುವುದಿಲ್ಲ. ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ತೆರೆದು ‘ರಿಮೋಟ್’ ಆರಿಸಿ.

ಸ್ಪ್ಯಾಮ್‌ಗೆ ಹೋಗುತ್ತಿದ್ದರೆ ಕಾರಣ ಬೇರೆ. ಫಾರ್ಮ್‌ನ ‘ಕಳಿಸಿದವರು’ ಜಾಗದಲ್ಲಿ ಓದುಗರ ವಿಳಾಸ ಇಡಬೇಡಿ. ಅವರ ಡೊಮೇನ್ ಪರವಾಗಿ ಕಳಿಸಲು ನಿಮ್ಮ ಸರ್ವರ್‌ಗೆ ಅಧಿಕಾರವಿಲ್ಲ. ಅಲ್ಲಿ ನಿಮ್ಮ ಡೊಮೇನ್‌ನ ವಿಳಾಸವಿರಲಿ, ಓದುಗರ ವಿಳಾಸ ‘ರಿಪ್ಲೈ ಟು’ ಜಾಗಕ್ಕೆ ಹೋಗಲಿ. ಪಿಹೆಚ್‌ಪಿಯಿಂದ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ನೇರವಾಗಿ ಕಳಿಸುವುದನ್ನು ಬಿಟ್ಟು, ಎಸ್‌ಎಂಟಿಪಿ (ಮೇಲ್ ಕಳಿಸುವ ಕ್ರಮ) ಪ್ಲಗಿನ್ ಹಾಕಿ 587 ಪೋರ್ಟ್ ಮೂಲಕ ನಿಮ್ಮ ಮೇಲ್ ಖಾತೆಯಿಂದಲೇ ಕಳಿಸಿ. ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ ದಾಖಲೆ (ನಿಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ) ಒಂದೇ ಇರಬೇಕು. ಹಳೆಯದನ್ನು ಬಿಟ್ಟು ಹೊಸದನ್ನು ಸೇರಿಸಿದರೆ ಎರಡೂ ಅಮಾನ್ಯ. ಒಳಗಿನ ಡಿಎನ್‌ಎಸ್ ಹುಡುಕಾಟಗಳು 10 ದಾಟಬಾರದು. ಮೇಲ್‌ನ ಡಿಜಿಟಲ್ ಸಹಿಯನ್ನು ಪರೀಕ್ಷಿಸಲು ಇಡುವ 2048 ಬಿಟ್‌ನ ಡಿಕೆಐಎಂ ಕೀ, ಡಿಎನ್‌ಎಸ್‌ನ 255 ಅಕ್ಷರದ ಮಿತಿ ಮೀರುತ್ತದೆ. ಕೆಲವು ಡಿಎನ್‌ಎಸ್ ಪುಟಗಳು ಅದನ್ನು ತಾವೇ ಎರಡು ತುಂಡು ಮಾಡುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ, ಆದ್ದರಿಂದ ಅಂಟಿಸಿದ ಮೇಲೆ ಕೊನೆಯ ಅಕ್ಷರಗಳನ್ನು ಹೋಲಿಸಿ ನೋಡಿ. ಡಿಮಾರ್ಕ್ ನೀತಿಯನ್ನು (ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂಬ ಸೂಚನೆ) ಮೊದಲು ‘ನನ್’, ಅಂದರೆ ಏನೂ ಮಾಡಬೇಡ, ಎಂದೇ ಇಡಿ. ಒಂದು ಜಿಮೇಲ್ ವಿಳಾಸಕ್ಕೆ ಪರೀಕ್ಷಾ ಮೇಲ್ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ತೆರೆದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಫಲಿತಾಂಶವೂ ಮೇಲ್ಗಡೆಯೇ ಕಾಣುತ್ತದೆ. ಮೂರೂ ಪಾಸ್ ಆಗಿ, ಕೆಲವು ವಾರದ ಡಿಮಾರ್ಕ್ ವರದಿಗಳಲ್ಲಿ ನಿಮ್ಮ ಮೇಲ್‌ಗಳೇ ಸೋಲುತ್ತಿಲ್ಲವೆಂದು ಕಂಡ ಮೇಲೆ ನೀತಿಯನ್ನು ‘ಕ್ವಾರಂಟೀನ್’ಗೆ (ಸ್ಪ್ಯಾಮ್‌ಗೆ ಹಾಕು) ಏರಿಸಬಹುದು.